ದೊಡ್ಡ ಕುಟುಂಬದ ಜಮಾ-ಖರ್ಚು ಮತ್ತು ಮಕ್ಕಳ ಮೊದಲ ಪಗಾರ

ತರಗತಿಗಳು: 9 ಮತ್ತು 10
ಸಂಬಂಧಿತ ವಿಷಯಗಳು: ಗಣಿತ, ಕನ್ನಡ, ಸಮಾಜ ವಿಜ್ಞಾನ
ಬೇಕಾಗುವ ಅವಧಿಗಳು: ನಾಲ್ಕು

ಪೀಠಿಕೆ

ಇಪ್ಪತ್ತೈದು ವರ್ಷಗಳ ಹಿಂದೆ ನಾನು ಸೊಲ್ಲಾಪುರ ಜಿಲ್ಲೆಯ ಗಡಿಭಾಗದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾದ ವಿದ್ಯಾರ್ಥಿಯೊಬ್ಬ ಜೂನ್ ಮೊದಲ ವಾರ ನನ್ನ ಬಳಿ ಬಂದು, "ಸರ್, ಮನ್ಯಾಗ ಅಡಚಣಿ ಐತಿ. ಒಂದು ವರ್ಷ ದುಡಿದು, ಮತ್ತ ಕಾಲೇಜಿಗಿ ಹೋಗ್ತೀನ್ರಿ" ಎಂದನು. ಮನೆಗೆ ಆಸರೆಯಾಗುವ ಮಗನೆಂದು ಮೆಚ್ಚಿ, ಬೆನ್ನು ತಟ್ಟಿ ಕಳುಹಿಸಿದೆನು. ಕೆಲವು ವರ್ಷಗಳ ಬಳಿಕ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಆಗಲೂ ಅದೇ ಅಂಗಡಿಯಲ್ಲಿದ್ದನು. ಓದು ಏನಾಯಿತೆಂದು ಕೇಳಿದಾಗ ಅವನು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: "ಯಾರೂ ಹೋಗಬ್ಯಾಡ ಅನಲಿಲ್ರಿ ಸರ್. ಆದ್ರ ಯಾವಾಗ ಹೋಗ್ತಿ ಅಂತ ಯಾರೂ ಕೇಳಲಿಲ್ಲ."

ಕೇಳಬೇಕಾಗಿದ್ದವರಲ್ಲಿ ನಾನೂ ಒಬ್ಬನಾಗಿದ್ದೆ. ಮನೆಯವರು ದುಷ್ಟರಾಗಿರಲಿಲ್ಲ; ಹುಡುಗ ಸೋಮಾರಿಯಾಗಿರಲಿಲ್ಲ. ಅವನ ಪಗಾರ ಮನೆಯ ನಿತ್ಯದ ಖರ್ಚಿನಲ್ಲಿ ಸದ್ದಿಲ್ಲದೆ ಸೇರಿಹೋಗಿತ್ತು. ಒಮ್ಮೆ ಸೇರಿದ ಮೇಲೆ ಅದಿಲ್ಲದೆ ಮನೆ ನಡೆಯುವುದು ಸಾಧ್ಯವಾಗಲಿಲ್ಲ.

ಈ ಪಾಠದ ತಿರುಳು ಇಷ್ಟೇ: ಹದಿಹರೆಯದ ಮಗು ದುಡಿಯಲೇಬೇಕಾಗಿ ಬಂದಾಗ, ಅದರ ಗಳಿಕೆಯನ್ನು ಮನೆಯ ಲೆಕ್ಕದಲ್ಲಿ ಬೇರೆ ಅಂಕಣದಲ್ಲಿ ಬರೆಯಬೇಕು, ಆ ಗಳಿಕೆಯ ಅಗತ್ಯವನ್ನೇ ಕಳೆಯುವ ಕೆಲಸಕ್ಕೆ ಅದನ್ನು ಮೊದಲು ಬಳಸಬೇಕು, ಮಗು ಓದಿಗೆ ಮರಳುವ ತಿಂಗಳನ್ನು ಲೆಕ್ಕದ ಪುಸ್ತಕದಲ್ಲಿಯೇ ನಮೂದಿಸಬೇಕು.

ಕಲಿಕೆಯ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು,
1. ಹಲವರು ಗಳಿಸುವ ಕುಟುಂಬದ ತಿಂಗಳ ಜಮಾ-ಖರ್ಚಿನ ಪಟ್ಟಿಯನ್ನು ಸಿದ್ಧಪಡಿಸುವನು.
2. ನೂರಕ್ಕೆ ಇಷ್ಟು ಎಂಬ ತಿಂಗಳ ಬಡ್ಡಿಯನ್ನು ವಾರ್ಷಿಕ ದರಕ್ಕೆ ಪರಿವರ್ತಿಸುವನು.
3. 14ರಿಂದ 18 ವರ್ಷದವರ ದುಡಿಮೆಗೆ ಕಾನೂನು ಹಾಕಿರುವ ಮಿತಿಗಳನ್ನು ತಿಳಿಸುವನು.
4. ಮನೆಯ ಹಣದ ವಿಚಾರವನ್ನು ಹಿರಿಯರ ಮುಂದೆ ಗೌರವದಿಂದ, ಸ್ಪಷ್ಟವಾಗಿ ಮಂಡಿಸುವನು.

ಶಿಕ್ಷಕರಿಗೆ ಹಿನ್ನೆಲೆ

*ಒಂದು ಒಲೆ, ಹಲವು ಕಿಸೆ.* ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಕೂಡುಕುಟುಂಬಗಳಲ್ಲಿ ಅಡುಗೆ ಒಂದೇ ಒಲೆಯ ಮೇಲೆ ನಡೆದರೂ ಹಣ ಹಲವು ಕಿಸೆಗಳಲ್ಲಿರುತ್ತದೆ. ತಂದೆಗೆ ಹೊಲದ ಉತ್ಪನ್ನ ವರ್ಷಕ್ಕೆ ಒಂದೆರಡು ಬಾರಿ ಬರುತ್ತದೆ. ಕಾಕಾನ ಕೂಲಿ ವಾರದ ಸಂತೆಯ ದಿನ ಬರುತ್ತದೆ. ಹೆಣ್ಣುಮಕ್ಕಳ ಹೊಲಗೂಲಿ ಕಳೆ ಮತ್ತು ಕೊಯ್ಲಿನ ಕಾಲಕ್ಕೆ ಮಾತ್ರ. ಒಣಬೇಸಾಯದ ಈ ಸೀಮೆಯಲ್ಲಿ ತೊಗರಿ, ಜೋಳಗಳ ಹಣ ಕೈಸೇರುವ ಕಾಲವೊಂದು, ಬೀಜ, ಗೊಬ್ಬರ, ಶಾಲೆಯ ಪುಸ್ತಕಗಳಿಗೆ ಹಣ ಬೇಕಾಗುವ ಕಾಲ ಇನ್ನೊಂದು. ಈ ನಡುವಿನ ಅಂತರವನ್ನು ತುಂಬುವುದು ಕೈಸಾಲ. ಕಬ್ಬು ಕಡಿಯಲು ಹೋಗುವ ಮನೆಗಳಲ್ಲಿ ಅದರ ಹೆಸರು ಉಚಲ. ದುಡಿಯುವ ಮೊದಲೇ ಪಡೆದು ಉಂಡ ಮುಂಗಡ.

ಇಂಥ ಮನೆಯಲ್ಲಿ ಪ್ರತಿ ತಿಂಗಳು ಗೊತ್ತಾದ ದಿನಕ್ಕೆ ಬರುವ ಹಣವೆಂದರೆ ಹೆಚ್ಚಾಗಿ ಅಂಗಡಿಯಲ್ಲಿ ದುಡಿಯುವ ಹುಡುಗನ ಪಗಾರ ಮಾತ್ರ. ಮೊತ್ತ ಚಿಕ್ಕದಾದರೂ ಅದು ನಿಯತವಾದದ್ದು. ಆದ್ದರಿಂದಲೇ ಎಲ್ಲರ ಅಗತ್ಯಗಳೂ ಅದರ ಸುತ್ತ ಬಂದು ನಿಲ್ಲುತ್ತವೆ. ಕಂತಿನ ಸಾಲ ಕೊಡುವವರು ಕೂಡ ನಿಯತ ವರಮಾನವನ್ನೇ ಕೇಳುತ್ತಾರೆ.

*ಕಾನೂನಿನ ಮಿತಿ.* 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು 2009ರ ಕಾಯ್ದೆಯಂತೆ ಹಕ್ಕಾಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ಕೆಲಸಕ್ಕೆ ನೇಮಿಸುವಂತಿಲ್ಲ. ಶಾಲೆಯ ವೇಳೆಯ ಹೊರಗೆ ಸ್ವಂತ ಮನೆಯ ಉದ್ಯೋಗದಲ್ಲಿ ನೆರವಾಗುವುದು ಮೊದಲಾದ ಮಿತ ವಿನಾಯಿತಿಗಳಷ್ಟೇ ಉಂಟು. 14ರಿಂದ 18 ವರ್ಷದವರನ್ನು ಗಣಿ, ಸ್ಫೋಟಕ ಮತ್ತು ದಹನಶೀಲ ವಸ್ತುಗಳ ಕೆಲಸ ಹಾಗೂ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ತೊಡಗಿಸುವಂತಿಲ್ಲ. ಉಳಿದ ಕೆಲಸಗಳಲ್ಲಿಯೂ ವಿಶ್ರಾಂತಿಯ ವೇಳೆ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ಒಂದೇ ಸಮನೆ 3 ಗಂಟೆ ದುಡಿದ ಬಳಿಕ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ವಾರಕ್ಕೆ ಒಂದು ರಜೆ ಇರಬೇಕು. ಬೆಳಿಗ್ಗೆ ಹತ್ತಕ್ಕೆ ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚುವ ಅಂಗಡಿಯಲ್ಲಿ ಹದಿನಾರರ ಹುಡುಗನನ್ನು ಕೊನೆಯವರೆಗೆ ನಿಲ್ಲಿಸಿಕೊಳ್ಳುವುದು ಈ ನಿಯಮದ ಉಲ್ಲಂಘನೆ. ಪಾಲಕರಿಗೆ ಇದು ತಿಳಿದಿರುವುದು ಅಪರೂಪ. ತಿಳಿಸುವುದು ನಮ್ಮ ಕೆಲಸ.

*ಭಾಷೆಯ ಸಂಗತಿ.* ನಮ್ಮ ಮಕ್ಕಳಿಗೆ ಹತ್ತನೆಯ ತರಗತಿಯ ಬಳಿಕ ಕನ್ನಡ ಮಾಧ್ಯಮದ ದಾರಿ ಕಿರಿದಾಗುತ್ತದೆ. ಹಲವರು ಮರಾಠಿಗೋ ಇಂಗ್ಲಿಷಿಗೋ ಹೊರಳಬೇಕು. ಈ ಹೊರಳುವಿಕೆಯ ಅಂಜಿಕೆಯೂ ಮನೆಯ ಅಡಚಣೆಯೂ ಒಂದೇ ವರ್ಷದಲ್ಲಿ ಕೂಡಿದಾಗ ‘ಒಂದು ವರ್ಷ ದುಡಿಯುತ್ತೇನೆ’ ಎಂಬ ಮಾತು ಬಹು ಸುಲಭವಾಗಿ ಬರುತ್ತದೆ. ಆ ಮಾತಿನ ಹಿಂದೆ ಎಷ್ಟು ಬಡತನವಿದೆ, ಎಷ್ಟು ಅಂಜಿಕೆಯಿದೆ ಎಂಬುದನ್ನು ಶಿಕ್ಷಕನು ಬೇರ್ಪಡಿಸಿ ನೋಡಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ಮಾದರಿ ಕುಟುಂಬ

ಕೆಳಗಿನ ಕುಟುಂಬ ಕಲ್ಪಿತ. ಮೊತ್ತಗಳನ್ನು ಆಯಾ ಊರಿನ ಕೂಲಿ ಮತ್ತು ಬೆಲೆಗಳಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ತಿಂಗಳ ಸರಾಸರಿ ತೆಗೆಯಲಾಗಿದೆ.

ಮನೆಯಲ್ಲಿ ಒಂಬತ್ತು ಜನ: ಅಜ್ಜಿ, ಅಪ್ಪ, ಅವ್ವ, ಕಾಕಾ, ಕಾಕು, 16 ವರ್ಷದ ಹಿರಿಯ ಮಗ, 14 ವರ್ಷದ ಮಗಳು, 11 ಮತ್ತು 8 ವರ್ಷದ ಇಬ್ಬರು ಮಕ್ಕಳು.

ಜಮಾ:
- ಹೊಲದ ಉತ್ಪನ್ನ (ಬೇಸಾಯದ ಖರ್ಚು ಕಳೆದು): ರೂ. 4,000
- ಕಾಕಾನ ಗೌಂಡಿ ಕೆಲಸ: ರೂ. 8,000
- ಅವ್ವ ಮತ್ತು ಕಾಕುವಿನ ಹೊಲಗೂಲಿ: ರೂ. 6,000
- ಅಜ್ಜಿಯ ಮಾಸಾಶನ: ರೂ. 1,500
- ಒಟ್ಟು: ರೂ. 19,500

ಖರ್ಚು:
- ದಿನಸಿ, ಎಣ್ಣೆ, ಕಾಯಿಪಲ್ಯ, ಹಾಲು, ಹಿಟ್ಟಿನ ಗಿರಣಿ: ರೂ. 8,500
- ಅಡುಗೆ ಅನಿಲ, ವಿದ್ಯುತ್: ರೂ. 1,600
- ಶಾಲೆಯ ಖರ್ಚು: ರೂ. 1,400
- ಔಷಧೋಪಚಾರ: ರೂ. 1,500
- ಪ್ರಯಾಣ, ಮೊಬೈಲ್: ರೂ. 1,900
- ಬಟ್ಟೆ, ಹಬ್ಬ, ಜಾತ್ರೆ, ಮದುವೆಯ ಮುಯ್ಯಿ: ರೂ. 2,800
- ಬಚತ್ ಗಟದ ಉಳಿತಾಯ: ರೂ. 1,000
- ಮನೆಯ ದುರಸ್ತಿ: ರೂ. 500
- ರೂ. 50,000 ಕೈಸಾಲದ ಬಡ್ಡಿ, ತಿಂಗಳಿಗೆ ನೂರಕ್ಕೆ 3ರಂತೆ: ರೂ. 1,500
- ಒಟ್ಟು: ರೂ. 20,700

ತಿಂಗಳ ಕೊರತೆ ರೂ. 1,200. ಹತ್ತನೆಯ ತರಗತಿ ಮುಗಿಸಿದ ಹಿರಿಯ ಮಗ ಜೂನ್‌ನಿಂದ ಬಟ್ಟೆಯ ಅಂಗಡಿಯೊಂದಕ್ಕೆ ಸೇರಿದ್ದಾನೆ, ಪಗಾರ ರೂ. 6,000.

ಬೋಧನಾ ಕ್ರಮ

*ಮೊದಲನೆಯ ಅವಧಿ: ಜಮಾ-ಖರ್ಚಿನ ಪಟ್ಟಿ*

ತರಗತಿಯನ್ನು ಐದಾರು ವಿದ್ಯಾರ್ಥಿಗಳ ಗುಂಪುಗಳಾಗಿ ವಿಂಗಡಿಸಬೇಕು. ಮೊತ್ತಗಳನ್ನು ಕ್ರಮವಿಲ್ಲದೆ ಫಲಕದ ಮೇಲೆ ಬರೆದು, ಜಮಾ ಮತ್ತು ಖರ್ಚಿನ ಅಂಕಣಗಳಿಗೆ ಹೊಂದಿಸಲು ಹೇಳಬೇಕು. ಕೊರತೆ ಎಷ್ಟೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಬಳಿಕ ಕೇಳಬೇಕಾದ ಪ್ರಶ್ನೆ: ಯಾವ ಖರ್ಚನ್ನು ಕಡಿಮೆ ಮಾಡಬಹುದು? ಮಕ್ಕಳು ಸಾಮಾನ್ಯವಾಗಿ ಹಬ್ಬ, ಮೊಬೈಲುಗಳನ್ನು ಹೇಳುವರು. ಕೆಲವರು ಶಾಲೆಯ ಖರ್ಚನ್ನೇ ಹೇಳುವರು. ಬಡ್ಡಿಯ ಹೆಸರು ಹೇಳುವವರು ವಿರಳ. ಬಡ್ಡಿಯ ಮೊತ್ತ ಕೊರತೆಯ ಮೊತ್ತಕ್ಕಿಂತ ಹೆಚ್ಚೆಂಬುದನ್ನು ಶಿಕ್ಷಕನು ಹೇಳದೆ, ಎರಡೂ ಸಂಖ್ಯೆಗಳಿಗೆ ವೃತ್ತ ಹಾಕಿ ಸುಮ್ಮನಿರಬೇಕು. ಯಾರಾದರೂ ಕಂಡು ಹೇಳುವರು.

ಪಡಿತರದ ಲೆಕ್ಕವನ್ನೂ ಇಲ್ಲಿ ಸೇರಿಸಬಹುದು. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬಕ್ಕೆ ತಲೆಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋ ಧಾನ್ಯ. ಆದ್ಯತಾ ಪಟ್ಟಿಯಲ್ಲಿರುವ ಒಂಬತ್ತು ಜನರ ಮನೆಗೆ 45 ಕಿಲೋ ಬರಬೇಕು. ಇಬ್ಬರು ಚಿಕ್ಕ ಮಕ್ಕಳ ಹೆಸರು ಕಾರ್ಡಿನಲ್ಲಿ ಸೇರದಿದ್ದರೆ ತಿಂಗಳಿಗೆ 10 ಕಿಲೋ ತಪ್ಪಿಹೋಗುವುದು. ದೊಡ್ಡ ಕುಟುಂಬಗಳಲ್ಲಿ ಇಂಥ ನಷ್ಟ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಸಾಗುವುದುಂಟು.

*ಎರಡನೆಯ ಅವಧಿ: ಬಡ್ಡಿಯ ಗಣಿತ*

ಮಹಾರಾಷ್ಟ್ರದ ಒಂಬತ್ತನೆಯ ತರಗತಿಯ ಗಣಿತ ಪಠ್ಯದಲ್ಲಿ ಆರ್ಥಿಕ ನಿಯೋಜನೆಯ ಅಧ್ಯಾಯವಿದೆ. ಅದಕ್ಕೆ ಹೊಂದಿಕೊಂಡು ಈ ಅವಧಿಯನ್ನು ನಡೆಸಬಹುದು. ‘ನೂರಕ್ಕೆ ಮೂರು’ ಎಂಬುದು ಕೇಳಲು ಚಿಕ್ಕದು. ಅದು ತಿಂಗಳ ದರ. ವರ್ಷಕ್ಕೆ ನೂರಕ್ಕೆ 36. ರೂ. 50,000ಕ್ಕೆ ವರ್ಷದ ಬಡ್ಡಿ ರೂ. 18,000. ಇಷ್ಟೇ ಮೊತ್ತವನ್ನು ಬ್ಯಾಂಕಿನಿಂದ ಶೇ. 7ರ ಬೆಳೆಸಾಲವಾಗಿ ಪಡೆದಿದ್ದರೆ ವರ್ಷದ ಬಡ್ಡಿ ರೂ. 3,500. ಈ ಎರಡು ಸಂಖ್ಯೆಗಳನ್ನು ಫಲಕದ ಮೇಲೆ ಅಕ್ಕಪಕ್ಕದಲ್ಲಿ ಬರೆಯಬೇಕು. ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ನಡೆಸುವುದು ಮಹಾರಾಷ್ಟ್ರದ 2014ರ ಕಾಯ್ದೆಯಂತೆ ಅಪರಾಧವೆಂಬುದನ್ನೂ ತಿಳಿಸಬೇಕು.

*ಮೂರನೆಯ ಅವಧಿ: ಎರಡು ದಾರಿ*

ಮೊದಲು ಒಂದು ಸಣ್ಣ ಸಂಭಾಷಣೆಯನ್ನು ವಿದ್ಯಾರ್ಥಿಗಳು ಅಭಿನಯಿಸಲಿ. ಮನೆಮಾತಿನಲ್ಲಿಯೇ ಇರಲಿ.

ಅಪ್ಪ: ತಮ್ಮಾ, ಪಗಾರ ಬಂತೇನು?
ಮಗ: ಬಂತಪ್ಪಾ. ಆರು ಸಾವಿರ ಕೊಟ್ಟಾರ.
ಅಜ್ಜಿ: ಮೊದಲ ದೇವರ ಮುಂದ ಇಡು, ನನ್ನ ಕೂಸ.
ಕಾಕಾ: ಅಣ್ಣಾ, ಕಂತಿನ ಮ್ಯಾಲ ಒಂದು ಗಾಡಿ ತಗೊಳ್ಳೂಣು. ಹೊಲಕ್ಕೂ ಆಗ್ತದ, ಇವನ ಕೆಲಸಕ್ಕೂ ಆಗ್ತದ.
ಅವ್ವ: ಸಾಲದವ ದಿನಾ ಬಾಗಲಿಗಿ ಬರ್ತಾನ. ಅದರದೇನು?
ಮಗಳು: ಅಪ್ಪಾ, ಅಣ್ಣ ಮತ್ತ ಸಾಲಿಗಿ ಹೋಗೂದು ಯಾವಾಗ?

ಸಂಭಾಷಣೆ ಇಲ್ಲಿಗೆ ನಿಲ್ಲಬೇಕು. ಕಾಕಾನನ್ನು ಕೆಟ್ಟವನಂತೆ ಅಭಿನಯಿಸಬಾರದೆಂದು ಮೊದಲೇ ಎಚ್ಚರಿಸಬೇಕು. ಅವನ ಮಾತಿನಲ್ಲಿಯೂ ನ್ಯಾಯವಿದೆ. ಆಮೇಲೆ ಗುಂಪುಗಳಿಗೆ ಎರಡು ಹಂಚಿಕೆಗಳನ್ನು ಕೊಡಬೇಕು.

ಮೊದಲ ಹಂಚಿಕೆ: ಗಾಡಿಯ ಕಂತು ರೂ. 2,600 (36 ತಿಂಗಳು), ಮೊಬೈಲಿನ ಕಂತು ರೂ. 900, ಮಗನ ಪ್ರಯಾಣ ಮತ್ತು ಊಟ ರೂ. 1,000, ಮನೆಖರ್ಚಿಗೆ ರೂ. 1,500.

ಎರಡನೆಯ ಹಂಚಿಕೆ: ಸಾಲದ ಅಸಲಿಗೆ ರೂ. 3,000, ಮನೆಯ ಕೊರತೆಗೆ ರೂ. 1,200, ಮಗನ ಪ್ರಯಾಣ ಮತ್ತು ಊಟ ರೂ. 1,000, ಮಗನ ಹೆಸರಿನ ಆವರ್ತ ಠೇವಣಿಗೆ ರೂ. 800.

ಎರಡನೆಯ ಹಂಚಿಕೆಯಲ್ಲಿ ಸಾಲ ಇಳಿಯುವ ಬಗೆಯನ್ನು ಮಕ್ಕಳು ಲೆಕ್ಕ ಹಾಕಲಿ:
- 1ನೆಯ ತಿಂಗಳು: ಅಸಲು 50,000, ಬಡ್ಡಿ 1,500, ಮನೆಯ ಕೊರತೆ 1,200
- 6ನೆಯ ತಿಂಗಳು: ಅಸಲು 35,000, ಬಡ್ಡಿ 1,050, ಕೊರತೆ 750
- 11ನೆಯ ತಿಂಗಳು: ಅಸಲು 20,000, ಬಡ್ಡಿ 600, ಕೊರತೆ 300
- 14ನೆಯ ತಿಂಗಳು: ಅಸಲು 11,000, ಬಡ್ಡಿ 330, ಕೊರತೆ 30

14ನೆಯ ಕಂತು ಕಟ್ಟಿದ ಮೇಲೆ ಅಸಲು ರೂ. 8,000 ಉಳಿಯುವುದು. ಅಷ್ಟರಲ್ಲಿ ಕೊರತೆಗೆಂದು ತೆಗೆದಿಟ್ಟ ಹಣದಲ್ಲಿ, ಬಡ್ಡಿ ಇಳಿದ ಕಾರಣ, ಒಟ್ಟು ರೂ. 8,190 ಉಳಿದಿರುವುದು. ಅದರಿಂದ ಸಾಲ ಪೂರ್ಣವಾಗಿ ತೀರುವುದು. ಮನೆಯ ಖರ್ಚು ರೂ. 19,200ಕ್ಕೆ ಇಳಿದು, ಮಗನ ಪಗಾರವಿಲ್ಲದೆಯೇ ತಿಂಗಳಿಗೆ ರೂ. 300 ಉಳಿಯತೊಡಗುವುದು. ಮಗನ ಠೇವಣಿಯಲ್ಲಿ ಬಡ್ಡಿಯನ್ನು ಬಿಟ್ಟು ರೂ. 11,200 ಇರುವುದು. ಜೂನ್‌ನಲ್ಲಿ ದುಡಿಯತೊಡಗಿದವನಿಗೆ 14ನೆಯ ತಿಂಗಳೆಂದರೆ ಮರುವರ್ಷದ ಜುಲೈ. ಕಾಲೇಜಿಗೋ ಐಟಿಐಗೋ ಆ ವರ್ಷದ ಮೇ-ಜೂನ್‌ನಲ್ಲಿಯೇ ಅರ್ಜಿ ಸಲ್ಲಿಸಿಟ್ಟರೆ ಅವನು ಕಳೆದುಕೊಳ್ಳುವುದು ಒಂದೇ ವರ್ಷ.

ಮೊದಲ ಹಂಚಿಕೆಯಲ್ಲಿ ಅದೇ 14 ತಿಂಗಳಲ್ಲಿ ಬಡ್ಡಿಗೆ ರೂ. 21,000 ಹೋಗಿರುವುದು, ಅಸಲು ರೂ. 50,000 ಹಾಗೆಯೇ ನಿಂತಿರುವುದು; ಗಾಡಿಯ 22 ಕಂತುಗಳು ಉಳಿದಿರುವುವು. ಅಲ್ಲದೆ ಹದಿನಾರರ ಹುಡುಗನು ಬೈಕನ್ನು ಓಡಿಸುವುದೇ ಕಾನೂನುಬಾಹಿರ. ಇಲ್ಲಿ ಮಗ ಓದಿಗೆ ಮರಳುವ ತಿಂಗಳು ಯಾವುದು? ಗುಂಪುಗಳೇ ಉತ್ತರಿಸಲಿ.

ಯಾವ ಮನೆಯಲ್ಲಿಯೂ ಲೆಕ್ಕ ಇಷ್ಟು ನೇರವಾಗಿ ಸಾಗದೆಂಬುದನ್ನೂ ಹೇಳಬೇಕು. ಅಜ್ಜಿಗೆ ಕಾಯಿಲೆಯಾಗಬಹುದು, ಮಳೆ ತಪ್ಪಬಹುದು. ಆಗ ಮರಳುವ ತಿಂಗಳನ್ನು ಅಳಿಸದೆ, ಮುಂದಿನ ತಿಂಗಳನ್ನು ಅದರ ಪಕ್ಕದಲ್ಲಿ ಬರೆಯಬೇಕು.

*ನಾಲ್ಕನೆಯ ಅವಧಿ: ಬರವಣಿಗೆ ಮತ್ತು ಮಾಹಿತಿ*

ಕನ್ನಡ ಬರವಣಿಗೆ: ‘ಮನೆಯ ಹಿರಿಯರಿಗೆ ಮಗನ ಪತ್ರ’. ಹಂಚಿಕೆಯ ವಿವರ, ಕಾರಣ, ಮರಳುವ ತಿಂಗಳು ಈ ಮೂರೂ ಇರಬೇಕು. ದೂರಿನ ಧ್ವನಿ ಇರಬಾರದು.

ಮಾಹಿತಿ: 10 ವರ್ಷ ತುಂಬಿದ ಮಗು ತನ್ನ ಹೆಸರಿನಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು, ಬ್ಯಾಂಕುಗಳೂ ತಮ್ಮ ನಿಯಮದಂತೆ ಇದಕ್ಕೆ ಅವಕಾಶ ಕೊಡುತ್ತವೆ. ಅಂಚೆಯ ಆವರ್ತ ಠೇವಣಿ ತಿಂಗಳಿಗೆ ರೂ. 100ರಿಂದ ಆರಂಭವಾದರೂ ಅದರ ಅವಧಿ 5 ವರ್ಷ. ಒಂದು ವರ್ಷದಲ್ಲಿ ಹಣ ಬೇಕಾದವರಿಗೆ ಬ್ಯಾಂಕಿನ ಅಲ್ಪಾವಧಿಯ ಆವರ್ತ ಠೇವಣಿ ತಕ್ಕದ್ದು.

ಎಂಟನೆಯ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ರೂ. 12,000 ದೊರೆಯುವುದು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳು ಇದಕ್ಕೆ ಅರ್ಹರು. ಪಾಲಕರ ವಾರ್ಷಿಕ ಆದಾಯ ರೂ. 3,50,000 ಮೀರಿರಬಾರದು. ತಿಂಗಳಿಗೆ ಹಂಚಿದರೆ ಅದು ರೂ. 1,000. ನಮ್ಮ ಮಾದರಿ ಕುಟುಂಬದ ಕೊರತೆ ರೂ. 1,200 ಎಂಬುದನ್ನು ನೆನೆಯಬೇಕು. ಮಗುವೊಂದನ್ನು ಈ ಪರೀಕ್ಷೆಗೆ ಸಿದ್ಧಗೊಳಿಸಿದ ಶಿಕ್ಷಕನು ಆ ಮನೆಯ ಕೊರತೆಯ ಬಹುಪಾಲನ್ನು ತುಂಬಿದಂತಾಯಿತು.

ಬರೆಯದ ದುಡಿಮೆ

ಅವ್ವನೂ ಕಾಕುವೂ ಕೂಲಿಗೆ ಹೋದ ದಿನ ರೊಟ್ಟಿ ಬಡಿಯುವವರಾರು, ನೀರು ತರುವವರಾರು, ಚಿಕ್ಕವರನ್ನು ನೋಡಿಕೊಳ್ಳುವವರಾರು? 14 ವರ್ಷದ ಮಗಳು. ಅವಳ ದುಡಿಮೆ ಯಾವ ಅಂಕಣದಲ್ಲಿಯೂ ಬರುವುದಿಲ್ಲ. ಅದರ ಬೆಲೆಯನ್ನು ಅವಳ ಹಾಜರಿ ತೆರುತ್ತದೆ. ಆದ್ದರಿಂದ ಹಣದ ಪಟ್ಟಿಯ ಜೊತೆಗೆ ಸಮಯದ ಪಟ್ಟಿಯೊಂದನ್ನೂ ಮಾಡಿಸಬೇಕು: ಒಂಬತ್ತು ಜನರ ಬೆಳಗಿನ 5ರಿಂದ ರಾತ್ರಿ 10ರವರೆಗಿನ ಕೆಲಸಗಳು. ಹುಡುಗರು ಹುಡುಗಿಯ ದಿನವನ್ನು, ಹುಡುಗಿಯರು ಹುಡುಗನ ದಿನವನ್ನು ಬರೆದರೆ ಚರ್ಚೆ ತಾನಾಗಿಯೇ ಏಳುವುದು.

ಪದಸಂಪತ್ತು

ಬ್ಯಾಂಕು, ಪಡಿತರ, ಸಹಕಾರ ಸಂಘಗಳ ಕಾಗದಗಳು ನಮ್ಮಲ್ಲಿ ಮರಾಠಿಯಲ್ಲಿರುತ್ತವೆ. ಮಕ್ಕಳು ಎರಡೂ ಪದಗಳನ್ನು ಅರಿತಿರಬೇಕು: ವ್ಯಾಜ – ಬಡ್ಡಿ, ಮುದ್ದಲ – ಅಸಲು, ಹಪ್ತಾ – ಕಂತು, ಠೇವ – ಠೇವಣಿ, ಬಚತ – ಉಳಿತಾಯ, ಪಗಾರ – ಸಂಬಳ, ಉಚಲ – ಮುಂಗಡ. ನಮ್ಮ ಹಿರಿಯರು ಬಳಸುತ್ತಿದ್ದ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಬಾಬುವಾರು ಲೆಕ್ಕ) ಎಂಬ ಪದಗಳನ್ನೂ ಪರಿಚಯಿಸಬೇಕು.

ಶಿಕ್ಷಕರಿಗೆ ಎಚ್ಚರಿಕೆಗಳು

1. ಯಾವ ವಿದ್ಯಾರ್ಥಿಗೂ ತನ್ನ ಮನೆಯ ವರಮಾನ, ಸಾಲಗಳನ್ನು ತರಗತಿಯಲ್ಲಿ ಹೇಳಲು ಒತ್ತಾಯಿಸಬಾರದು. ಮಾದರಿ ಕುಟುಂಬ ಇರುವುದು ಅದಕ್ಕಾಗಿಯೇ.
2. ಪಾಠದ ಬಳಿಕ ಕೆಲವು ಮಕ್ಕಳು ತಾವಾಗಿಯೇ ಬಂದು ಮಾತನಾಡುವರು. ಅವರಿಗೆ ಸಮಯ ಕೊಡಬೇಕು. ಅವರ ಮಾತು ಶಿಕ್ಷಕರ ಕೊಠಡಿಯ ಹರಟೆಯಾಗಬಾರದು.
3. ದುಡಿಯುವ ಮಗುವನ್ನು ಹೊಗಳುವ ಮೊದಲು, ಮರಳುವ ತಿಂಗಳು ಯಾವುದೆಂದು ಕೇಳಬೇಕು. ಅದನ್ನು ಸ್ವಂತ ದಿನಚರಿಯಲ್ಲಿ ಬರೆದುಕೊಂಡು, ಆ ತಿಂಗಳು ಮನೆಗೆ ಹೋಗಬೇಕು.
4. ನಿತ್ಯ ಕಾಲೇಜಿಗೆ ಹೋಗಲಾರದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯನ್ನೂ ಐಟಿಐ ದಾರಿಯನ್ನೂ ತಿಳಿಸಬೇಕು.
5. ಅಪಾಯದ ಕೆಲಸದಲ್ಲಿ ಮಗುವಿರುವುದು ತಿಳಿದುಬಂದರೆ ಮುಖ್ಯಾಧ್ಯಾಪಕರ ಗಮನಕ್ಕೆ ತಂದು, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಮೌಲ್ಯಮಾಪನ

1. ತಿಂಗಳಿಗೆ ನೂರಕ್ಕೆ 5ರ ಬಡ್ಡಿಯಂತೆ ರೂ. 20,000 ಸಾಲಕ್ಕೆ ವರ್ಷದ ಬಡ್ಡಿ ಎಷ್ಟು? ವಾರ್ಷಿಕ ದರ ಎಷ್ಟು?
2. ಮಾದರಿ ಕುಟುಂಬದ ಮಗ ಅಸಲಿಗೆ ರೂ. 3,000ದ ಬದಲು ರೂ. 2,000 ಕಟ್ಟಿದರೆ 11ನೆಯ ತಿಂಗಳಿನ ಬಡ್ಡಿ ಎಷ್ಟಾಗುವುದು?
3. 15 ವರ್ಷದ ಹುಡುಗಿ ಹೊಲಿಗೆಯ ಅಂಗಡಿಯಲ್ಲಿ ಮಧ್ಯಾಹ್ನ 3ರಿಂದ ರಾತ್ರಿ 8ರವರೆಗೆ ದುಡಿಯುತ್ತಾಳೆ. ಇದರಲ್ಲಿ ಕಾನೂನಿಗೆ ವಿರುದ್ಧವಾದುದು ಯಾವುದು?
4. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ದುಡಿಯುವ ಮಕ್ಕಳಿಗೆ ಅನ್ವಯಿಸುವುದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.

ಮುಕ್ತಾಯ

ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ನಾಡಿದು. ಇಲ್ಲಿ ದುಡಿಮೆಯನ್ನು ಕೀಳೆಂದವರಿಲ್ಲ. ಈ ಪಾಠವೂ ಹಾಗೆ ಹೇಳುವುದಿಲ್ಲ. ಮನೆಗಾಗಿ ದುಡಿದ ಮಗುವಿಗೆ ಮನೆಯು ತೀರಿಸಬೇಕಾದ ಸಾಲವೊಂದಿದೆ. ಆ ಸಾಲವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕೆಂಬುದಷ್ಟೇ ಇಲ್ಲಿಯ ಮಾತು. ಮುಂದಿನ ಜೂನ್‌ನಲ್ಲಿ ಯಾವನಾದರೂ ವಿದ್ಯಾರ್ಥಿ ನಿಮ್ಮ ಬಳಿ ಬಂದು ‘ಒಂದು ವರ್ಷ ದುಡೀತೀನ್ರಿ’ ಎಂದರೆ ಅವನನ್ನು ಕೂರಿಸಿ, ಕಾಗದ-ಪೆನ್ನು ಕೊಡಿ. ಲೆಕ್ಕ ಹಾಕಿ, ತಿಂಗಳ ಹೆಸರು ಬರೆಸಿದ ಮೇಲೆ ಬೆನ್ನು ತಟ್ಟಿರಿ.